ಎರಡನೇ ಮಹಾಯುದ್ಧದ ಜಪಾನಿ ಕತ್ತಿ ಕಾರ್ಖಾನೆಯದ್ದೋ, ಹಳೇ ಕ್ರಮದಲ್ಲಿ ಬಡಿದದ್ದೋ ಅಂತ ಹೇಗೆ ಗುರುತಿಸುವುದು?

ಹಿಡಿ ಕಳಚಿ, ಒಳಗೆ ಹುದುಗಿರುವ ಅಲಗಿನ ಬುಡ ನೋಡಿ. ಹಿಡಿ, ಒರೆ ನೋಡಿ ತೀರ್ಮಾನಿಸಬೇಡಿ. 1934 ಮತ್ತು 1938ರ ಮಾದರಿಯ ಅಧಿಕಾರಿಗಳ ಕತ್ತಿಗಳಲ್ಲಿ ಒಂದೇ ಥರದ ಒರೆಯೊಳಗೆ ಕಾರ್ಖಾನೆಯ ಅಲಗೂ ಇರಬಹುದು, ಮುತ್ತಾತನ ಕಾಲದ ಮನೆತನದ ಅಲಗೂ ಇರಬಹುದು.

ಹಿಡಿಯಲ್ಲಿರುವ ಬಿದಿರಿನ ಮೊಳೆಯನ್ನು ಮೆಲ್ಲಗೆ ತಳ್ಳಿದರೆ ಅಲಗು ಬಿಚ್ಚಿಕೊಳ್ಳುತ್ತದೆ. ಬುಡದಲ್ಲಿ ‘ಶೋವಾ’ (ಆಗಿನ ಚಕ್ರವರ್ತಿಯ ಆಳ್ವಿಕೆಯ ಹೆಸರು) ಅಥವಾ ‘ಸೆಕಿ’ (ಕತ್ತಿಗೆ ಹೆಸರಾದ ಊರು) ಎಂಬ ಪುಟ್ಟ ಮುದ್ರೆ ಇದ್ದರೆ, ಸಾಮಾನ್ಯವಾಗಿ ಅದು ಹಳೇ ಕ್ರಮದ ಕೆಲಸವಲ್ಲ. ನಕ್ಷತ್ರದ ಮುದ್ರೆಯಿದ್ದರೆ ಖುಷಿಪಡಬಹುದು: ಅವು ಹೆಚ್ಚಾಗಿ ಸೇನೆಗಾಗಿ ಸಾಂಪ್ರದಾಯಿಕವಾಗಿ ಬಡಿದವು.

ಆಮೇಲೆ ಅಂಚು ನೋಡಿ. ಹಳೇ ಕ್ರಮದಲ್ಲಿ ಅಲಗಿಗೆ ಮಣ್ಣು ಮೆತ್ತಿ, ಕಾಯಿಸಿ, ನೀರಿಗೆ ಅದ್ದುತ್ತಾರೆ. ಮಣ್ಣು ತೆಳುವಾಗಿರುವ ಅಂಚು ತಟ್ಟನೆ ತಣಿದು ಗಡುಸಾಗುತ್ತದೆ. ಅಲ್ಲೊಂದು ಬಿಳಿ ಗೆರೆ, ಅದರಲ್ಲಿ ಮಿನುಗುವ ಸಣ್ಣ ಕಣ. ನೀರಿಗೆ ಅದ್ದಿದರೆ ಬಿರುಕು ಬಿಡೋದು ಜಾಸ್ತಿ ಅಲ್ವಾ, ಹಾಗಾಗಿ ಯುದ್ಧಕಾಲದಲ್ಲಿ ಬಹಳಷ್ಟು ಅಲಗುಗಳನ್ನು ಎಣ್ಣೆಗೆ ಅದ್ದಿದರು. ಎಣ್ಣೆ ನಿಧಾನವಾಗಿ ತಣಿಸುತ್ತದೆ, ಆ ಕಣಗಳು ಅಷ್ಟಾಗಿ ಮೂಡುವುದಿಲ್ಲ.

ಅಲಗಿನ ಮೇಲೇ ಕ್ರಮಸಂಖ್ಯೆ ಕೊರೆದಿದ್ದರೆ ಅದು ಅಧಿಕಾರಿಗಳಿಗಿಂತ ಕೆಳಗಿನ ಸಾರ್ಜೆಂಟ್ ದರ್ಜೆಯವರಿಗೆ ಕೊಟ್ಟ 1935ರ ಮಾದರಿ, ಕಾರ್ಖಾನೆಯದ್ದೇ. ಒರೆಯ ಸಂಖ್ಯೆಯೂ ಹೊಂದುತ್ತದಾ ನೋಡಿ.

ಬುಡದ ತುಕ್ಕನ್ನು ಮಾತ್ರ ಸುಮ್ನೆ ಬಿಡಿ. ಅಲಗಿನ ವಯಸ್ಸು ಅಂದಾಜು ಮಾಡಲು ಅದರ ಬಣ್ಣವೂ ನೆರವಾಗುತ್ತದೆ. ಉಜ್ಜಿದರೆ ಬೆಲೆಯೂ ಬಿದ್ದುಹೋಗುತ್ತದೆ.