ಮಿರ್ಚಿ ಅಂಗಡಿ ಕವರ್‌ಗೆ ದಂಡ, ಕವರ್ ಮಾಡೋರಿಗೆ ಏನೂ ಇಲ್ವಾ?

ಪ್ರಶ್ನೆ: ಮೇಡಮ್ಮೋರೆ ನಮಸ್ಕಾರ. ದಾವಣಗೆರೆಯಾಗ ನಮ್ದೊಂದು ಸಣ್ಣ ಮಿರ್ಚಿ ಮಂಡಕ್ಕಿ ಅಂಗಡಿ ಐತ್ರಿ, ಸಂಜಿ ಹೊತ್ತು ನಾನು ನಮ್ಮನೆಯವ್ರು ಇಬ್ರೇ ನಡೆಸ್ತೀವಿ. ಮೊನ್ನೆ ತಪಾಸಣೆಗೆ ಬಂದೋರು ಕವರ್ ಎಲ್ಲಾ ತಗಂಡು ದಂಡ ಹಾಕಿ ಹೋದ್ರು. ಅದೇ ಕವರ್ ಹೋಲ್‌ಸೇಲ್ ಅಂಗಡ್ಯಾಗ ಕೇಜಿಗಟ್ಲೆ ಸಿಗ್ತಾವ, ಕೇಳಿದ್ರೆ 120 ಮೈಕ್ರಾನ್ ಐತಿ ನಡೀತೈತಿ ಅಂತಾರ. ಮಾಡೋರ್ನ ಬಿಟ್ಟು ನಮ್ಮಂಥೋರ್ನ ಹಿಡಿಯೋದು ಯಾವ ನ್ಯಾಯ? ಪೇಪರ್‌ನಾಗೂ ಕಟ್ಟಬ್ಯಾಡ್ರಿ ಅಂತಾರ, ಮತ್ತೆ ಪಾರ್ಸಲ್ ಎದ್ರಾಗ ಕೊಡೋದು? ಹಂಗೇ ಕರಿದು ಉಳಿದ ಎಣ್ಣಿ ಏನ್ ಮಾಡ್ಬೇಕು ಹೇಳ್ರಿ.

ಉತ್ತರ: ಅಕ್ಕಾ, ನಿಮ್ಮ ಸಿಟ್ಟು ಸರಿಯಾಗೇ ಇದೆ, ಯಾಕಂದ್ರೆ ಕಾನೂನು ನಿಮ್ಮನ್ನ ಮಾತ್ರ ಹಿಡೀರಿ ಅಂತ ಎಲ್ಲೂ ಹೇಳಿಲ್ಲ. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ನಿಷೇಧದ ಆದೇಶ ಆಯ್ತು, ಅದರಲ್ಲಿ ಕ್ಯಾರಿಬ್ಯಾಗ್, ತಟ್ಟೆ, ಲೋಟ, ಚಮಚ, ಊಟದ ಟೇಬಲ್ ಮೇಲೆ ಹಾಸೋ ಹಾಳೆ ಎಲ್ಲಾ ಬರುತ್ತೆ, ಬಳಸೋದಷ್ಟೇ ಅಲ್ಲ, ತಯಾರು ಮಾಡೋದು, ಸ್ಟಾಕ್ ಇಡೋದು, ಸಾಗಿಸೋದು, ಮಾರೋದು ಎಲ್ಲಾನೂ ನಿಷೇಧ. ಅಂದ್ರೆ ಆ ಹೋಲ್‌ಸೇಲ್ ಅಂಗಡಿಯವರೂ ನಿಮ್ಮಷ್ಟೇ ತಪ್ಪಿತಸ್ಥರು, ಅವರಿಗೆ ಸಪ್ಲೈ ಮಾಡಿದ ಫ್ಯಾಕ್ಟರಿಯವರಂತೂ ಇನ್ನೂ ಜಾಸ್ತಿ.

ಈ 120 ಮೈಕ್ರಾನ್ (ಪ್ಲಾಸ್ಟಿಕ್ ಎಷ್ಟು ದಪ್ಪ ಅಂತ ಹೇಳೋ ಅಳತೆ) ಕಥೆ ಎಲ್ಲಿಂದ ಬಂತು ಅಂದ್ರೆ, ಅದು ಕೇಂದ್ರದ ನಿಯಮ. 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳು ಕ್ಯಾರಿಬ್ಯಾಗ್ ಇಡೀ ದೇಶದಲ್ಲಿ ಬಂದ್. ಆದ್ರೆ ಕರ್ನಾಟಕದ ಆದೇಶ ದಪ್ಪ ಎಷ್ಟಿದ್ರೂ ಬೇಡ ಅಂತ ಹೇಳುತ್ತೆ, ಹಾಗಾಗಿ ಇಲ್ಲಿ ಆ ಮಾತು ನಡೆಯಲ್ಲ. ಹಾಲಿನ ಪ್ಯಾಕೆಟ್ ತರ ಫ್ಯಾಕ್ಟರೀಲೇ ಸೀಲ್ ಆಗಿ ಬರೋದಕ್ಕೆ, ನರ್ಸರಿ ಸಸಿ ಚೀಲಕ್ಕೆ ವಿನಾಯಿತಿ ಇದೆ. ಬಟ್ಟೆ ತರ ಕಾಣೋ ಬಣ್ಣಬಣ್ಣದ ಚೀಲ ಕೊಡ್ತಾರಲ್ಲ, ಅದನ್ನೂ ನಂಬಬೇಡಿ, ಅದು ಪಾಲಿಪ್ರೊಪಿಲೀನ್, ಅಂದ್ರೆ ಪ್ಲಾಸ್ಟಿಕ್ಕೇ.

ಈಗ ನ್ಯಾಯದ ವಿಷಯಕ್ಕೆ ಬರ್ತೀನಿ. ವಿಶ್ವಸಂಸ್ಥೆ 2015ರಲ್ಲಿ ಇಟ್ಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 12ನೇದು ಜವಾಬ್ದಾರಿಯುತ ಬಳಕೆ ಮತ್ತು ಉತ್ಪಾದನೆ, ಎರಡೂ ಒಂದೇ ಗುರಿ ಒಳಗೆ ಇದಾವೆ, ಆದ್ರೆ ನಮ್ಮಲ್ಲಿ ಬಳಸೋರನ್ನ ಹಿಡಿಯೋದು ಸುಲಭ, ತಳ್ಳುಗಾಡಿ ಕಣ್ಣೆದುರಿಗೇ ನಿಂತಿರುತ್ತೆ. ಚಿಪ್ಸು, ಶಾಂಪೂ ಪ್ಯಾಕೆಟ್ ಮಾಡೋ ಕಂಪನಿಗಳಿಗೆ 2022ರ ಫೆಬ್ರವರಿಯಲ್ಲಿ ಇಪಿಆರ್ ಮಾರ್ಗಸೂಚಿ ಬಂತು, ಅಂದ್ರೆ ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ ವಾಪಸ್ ಸಂಗ್ರಹಿಸಿ ಮರುಬಳಕೆ ಮಾಡಿಸೋ ಹೊಣೆ ಅವರದ್ದೇ. ಆ ಪ್ಯಾಕೆಟ್ ಮೇಲೆ ಕಂಪನಿ ಹೆಸರಿರುತ್ತೆ, ಹಾಗಾಗಿ ಹೋಗಿ ಕೇಳ್ಬಹುದು. ನಿಮ್ಮ ಅಂಗಡಿಗೆ ಬರೋ ಕವರ್ ಒಂದು ಕೈಯಲ್ಲಿ ಹಿಡಿದು ನೋಡಿ, ಅದರ ಮೇಲೆ ಏನಾದ್ರೂ ಬರೆದಿದೆಯಾ? ತಯಾರಕರ ಹೆಸರು, ರಿಜಿಸ್ಟ್ರೇಶನ್ ನಂಬರ್, ಎಷ್ಟು ಮೈಕ್ರಾನ್ ಅಂತ ಕ್ಯಾರಿಬ್ಯಾಗ್ ಮೇಲೆ ಅಚ್ಚಾಗಿರಬೇಕು ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲೇ ಇದೆ. ಕೇಜಿಗಟ್ಲೆ ಸಿಗೋ ಕವರ್ ಮೇಲೆ ಸಾಮಾನ್ಯವಾಗಿ ಏನೂ ಇರಲ್ಲ. ಹೆಸರೇ ಇಲ್ದಿದ್ಮೇಲೆ ಹೊಣೆ ಯಾರ ತಲೆಗೆ ಕಟ್ತೀರಿ, ಕೊನೆಗೆ ಯಾರ ಕೈಲಿ ಸಿಕ್ತೋ ಅವರ ತಲೆಗೆ. ನನ್ನ ಪ್ರಕಾರ ತಪಾಸಣೆ ಶುರು ಆಗ್ಬೇಕಾದ್ದು ಗೋಡೌನಿಂದ, ನಿಮ್ಮ ಗಾಡಿ ಕೊನೇಲಿ ಬರ್ಬೇಕು, ಇದನ್ನ ನಾನು ಎಲ್ಲಾ ಮೀಟಿಂಗಲ್ಲೂ ಹೇಳ್ತಾನೇ ಇದೀನಿ.

ನೀವು ಮಾಡಬಹುದಾದ್ದು ಇದೆ. ಏನೇ ಪ್ಯಾಕಿಂಗ್ ಸಾಮಾನು ತಗೊಂಡ್ರೂ ಬಿಲ್ ಕೇಳಿ. ಕೊಡಲ್ಲ ಅಂದ್ರೆ ಆ ಮಾಲಿಗೆ ಬಿಲ್ ಯಾಕೆ ಕೊಡ್ತಿಲ್ಲ ಅಂತ ಅರ್ಥ ಆಯ್ತಲ್ಲ. ಹೋಲ್‌ಸೇಲ್ ಅಂಗಡಿ ಬಗ್ಗೆ ದೂರು ಕೊಡೋಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಆ್ಯಪ್ ಇದೆ, ಫೋಟೋ ಹಾಕಿ ಕಳಿಸ್ಬಹುದು. ಒಬ್ರೇ ಕೊಟ್ರೆ ವ್ಯಾಪಾರದಲ್ಲಿ ಮುನಿಸು ಬರುತ್ತೆ ಅನ್ನೋದು ಗೊತ್ತು, ಅಕ್ಕಪಕ್ಕದ ನಾಲ್ಕು ಅಂಗಡಿಯವರು ಸೇರಿ ಕೊಡಿ.

ಪಾರ್ಸಲ್‌ಗೆ, ನ್ಯೂಸ್‌ಪೇಪರ್ ಬೇಡ ಅಂದಿದ್ದು ಸರಿ. ಬಿಸಿ ಮಿರ್ಚಿ ಎಣ್ಣೆಗೆ ಅಚ್ಚಿನ ಇಂಕ್ ಕರಗಿ ತಿಂಡಿಗೇ ಹತ್ತುತ್ತೆ, ಅದ್ರಲ್ಲಿ ಕಟ್ಟಬಾರ್ದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮ ಇದೆ. ನಿಮ್ದು ಪುಣ್ಯಕ್ಕೆ ಒಣ ತಿಂಡಿ. ನರ್ಗೀಸ್ ಮಂಡಕ್ಕಿ, ಖಾರ ಮಂಡಕ್ಕಿಗೆ ಏನೂ ಅಚ್ಚಿಲ್ಲದ ಖಾಕಿ ಕಾಗದದ ಪೊಟ್ಟಣ ಸಾಕು. ಮಿರ್ಚಿ ಬಾಣಲಿಯಿಂದ ತೆಗೆದು ಜಾಲರಿ ಮೇಲೆ ಎರಡು ನಿಮಿಷ ಬಿಡಿ, ಎಣ್ಣೆ ಇಳಿದ್ಮೇಲೆ ಬಾಳೆಎಲೆ ತುಂಡು ಹಾಸಿ ಅದೇ ಕಾಗದದಲ್ಲಿ ಕಟ್ಟಿದ್ರೆ ಮನೆ ಮುಟ್ಟೋವರೆಗೂ ಸೋರಲ್ಲ. ಚಿತ್ರದುರ್ಗ ಕಡೆ ಹಳ್ಳಿಗಳಲ್ಲಿ ಮುತ್ತುಗದ ಎಲೆ ಹಚ್ಚೋ ಹೆಣ್ಮಕ್ಕಳು ಇನ್ನೂ ಇದಾರೆ, ಅವರತ್ರ ತಗೊಂಡ್ರೆ ದುಡ್ಡು ನಮ್ಮ ಸೀಮೆಯಲ್ಲೇ ಉಳಿಯುತ್ತೆ. ಅಡಿಕೆ ಹಾಳೆ ತಟ್ಟೆ ಬಗ್ಗೆ ಬಹಳ ಜನ ಕೇಳ್ತಾರೆ, ಚನ್ನಗಿರಿ ಕಡೆ ತೋಟ ಇದ್ದಮೇಲೆ ಹಾಳೆಗೇನೂ ಬರ ಇಲ್ಲ, ಆದ್ರೆ ಅದರಲ್ಲಿರೋ ಅಡಿಕೆ ಅಂಶ ಆಹಾರಕ್ಕೆ ಇಳೀಬಹುದು ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ, ಹಾಗಾಗಿ ಬಿಸಿಬಿಸಿ ಎಣ್ಣೆ ತಿಂಡಿ, ಸಾರು ಅದ್ರಲ್ಲಿ ಹಾಕೋದಕ್ಕೆ ನಾನು ಸದ್ಯಕ್ಕೆ ಹೇಳಲ್ಲ.

ಇನ್ನೊಂದು ನೋಡಿದೀನಿ, ಸ್ಟೀಲ್ ತಟ್ಟೆಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲೆ ಬಿಸಿ ಮಿರ್ಚಿ ಹಾಕಿ ಕೊಡ್ತಾರೆ, ತೊಳೆಯೋ ನೀರು ಉಳೀಲಿ ಅಂತ. ನೀರಿನ ತಾಪತ್ರಯ ನಿಜ, ಆದ್ರೆ ಬಿಸಿ ಎಣ್ಣೆಗೆ ಪ್ಲಾಸ್ಟಿಕ್ ತಾಗೋದು ಬೇಡ ಅಕ್ಕಾ. ಒಣ ಮಂಡಕ್ಕಿ ತಿಂದ ತಟ್ಟೆಗೆ ಎರಡು ಟಬ್ ನೀರು ಇದ್ರೆ ಸಂಜೆ ಪೂರ್ತಿ ನಡೆಯುತ್ತೆ, ಒಂದ್ರಲ್ಲಿ ಸೋಪು, ಒಂದ್ರಲ್ಲಿ ಬರೀ ನೀರು, ಕಲಕಾದಾಗ ಬದಲಾಯಿಸ್ಕೊಳ್ಳಿ. ಮನೆಯಿಂದ ಡಬ್ಬಿ ತಂದೋರಿಗೆ ಒಂದು ಮಿರ್ಚಿ ಜಾಸ್ತಿ ಹಾಕಿ ಕೊಡಿ, ಬೋರ್ಡಿಗಿಂತ ಬೇಗ ಸುದ್ದಿ ಹರಡುತ್ತೆ.

ಎಣ್ಣೆ ವಿಷಯ. ಕಾಯಿಸಿ ಕಾಯಿಸಿ ಎಣ್ಣೆಯಲ್ಲಿ ಕೆಟ್ಟ ಅಂಶ ಸೇರ್ತಾ ಹೋಗುತ್ತೆ, ಅದನ್ನ ಟೋಟಲ್ ಪೋಲಾರ್ ಕಾಂಪೌಂಡ್ ಅಂತ ಅಳೀತಾರೆ, 25% ದಾಟಿದ್ರೆ ಆ ಎಣ್ಣೆ ಬಳಸಂಗಿಲ್ಲ, 2018ರ ಜುಲೈ 1ರಿಂದ ಇದು ನಿಯಮ, ಸಣ್ಣ ಅಂಗಡಿಗೂ ಅನ್ವಯ. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸೋರು ರಿಜಿಸ್ಟರ್ ಬರೀಬೇಕು, ನಿಮಗೆ ಅದು ಅನ್ವಯಿಸಲ್ಲ. ಮೀಟರ್ ಇಲ್ದಿದ್ರೂ ಗೊತ್ತಾಗುತ್ತೆ, ಬಣ್ಣ ಕಪ್ಪಾಗಿ, ಎಣ್ಣೆ ಅಂಟಂಟಾಗಿ, ನೊರೆ ಇಳೀದೆ ನಿಂತು, ಕಾಯೋ ಮೊದ್ಲೇ ಹೊಗೆ ಬಂತು ಅಂದ್ರೆ ಮುಗೀತು. ಅದಕ್ಕೆ ಹೊಸ ಎಣ್ಣೆ ಬೆರೆಸಬೇಡಿ, ಚರಂಡಿಗೂ ಸುರೀಬೇಡಿ. ಆರಿಸಿ, ಸೋಸಿ ಒಂದು ಕ್ಯಾನಲ್ಲಿ ತುಂಬಿಡಿ. ಬಯೋಡೀಸೆಲ್ ಮಾಡೋರಿಗೆ ಕೊಡೋಕೆ ಆಹಾರ ಸುರಕ್ಷತಾ ಪ್ರಾಧಿಕಾರದ ರುಕೋ ಅನ್ನೋ ಯೋಜನೆ ಇದೆ, ಅದರಲ್ಲಿ ನೋಂದಾಯಿಸಿದ ಏಜೆನ್ಸಿಯವರು ದುಡ್ಡು ಕೊಟ್ಟೇ ಒಯ್ತಾರೆ. ಐದು ಲೀಟರ್‌ಗೆ ಅಂತ ಯಾರೂ ಗಾಡಿ ಕಳಿಸಲ್ಲ, ಅದಕ್ಕೆ ಬೀದಿಯವರೆಲ್ಲ ಒಂದೇ ಕಡೆ ಡ್ರಮ್ ಇಟ್ಟು ಅದು ತುಂಬಿದ್ಮೇಲೆ ಫೋನ್ ಮಾಡಿ. ರಸ್ತೇಲಿ ಬಂದು ಯಾರೋ ಗುರುತಿಲ್ಲದೋರು ಜಾಸ್ತಿ ರೇಟಿಗೆ ಕೇಳಿದ್ರೂ ಕೊಡಬೇಡಿ, ಅದು ತಿರುಗಿ ಇನ್ನೊಬ್ರ ಬಾಣಲಿಗೇ ಹೋಗೋ ಸಾಧ್ಯತೆ ಇದೆ.