ಹಾಸನಕ್ಕೆ ಏನು ಬೇಕು ಎಂದು ಕೇಳಿದವರಿಗೆ

ಹಾಸನದಂಥ ಊರಿಗೆ ನಗರ ಪುನರುಜ್ಜೀವನ, ಅಂದರೆ ಊರಿನ ಪಾಳುಬಿದ್ದ ಭಾಗಗಳಿಗೆ ಮತ್ತೆ ಜೀವ ತುಂಬುವ ಕೆಲಸ, ಯಾಕೆ ಬೇಕು, ಅದು ದೊಡ್ಡ ನಗರಗಳ ಕಷ್ಟ ಅಲ್ಲವೇ ಎಂದು ಕೇಳಿದಿರಿ. ಮಂಗಳೂರಿಗೆ ಹೋಗುವಾಗ ಬಸ್ಸು ನಿಂತಷ್ಟು ಹೊತ್ತು ಮಾತ್ರ ಊರು ನೋಡಿದವರಿಗೆ ಹಾಗನ್ನಿಸುವುದು ಸಹಜ. ನಾನು ಇಲ್ಲೇ ಹುಟ್ಟಿ, ಇಲ್ಲಿನ ಒಂದು ತಗ್ಗುಬೀದಿಯಲ್ಲಿ ಬೆಳೆದವಳು. ನನಗೆ ಕಂಡದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಾವು ಒಂದು ಬಗೆಯ ಗಡಿಯ ಜನ. ಇದು ಮಳೆಯ ಗಡಿ. ಪಡುವಣಕ್ಕೆ ನಲವತ್ತು ಕಿಲೋಮೀಟರ್ ಹೋದರೆ ಸಕಲೇಶಪುರ. ಅಲ್ಲಿ ಕಾಫಿ, ಏಲಕ್ಕಿ, ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ. ಇನ್ನೊಂದು ದಿಕ್ಕಿಗೆ ಹೆಚ್ಚುಕಮ್ಮಿ ಅಷ್ಟೇ ದೂರ ಹೋದರೆ ಅರಸೀಕೆರೆ. ಅಲ್ಲಿ ತೆಂಗು, ರಾಗಿ, ಮೋಡ ನೋಡುತ್ತ ಕೂರುವ ರೈತರು. ಹಾಸನ ಈ ಎರಡರ ನಡುವಿನ ಹೊಸಿಲು. ಮಳೆಗಾಲದಲ್ಲಿ ಮಂಗಳವಾರದ ಸಂತೆಗೆ ಬನ್ನಿ, ಗಡಿ ಕಣ್ಣಿಗೇ ಕಾಣುತ್ತದೆ. ಒಬ್ಬರ ಮುಂದೆ ಮಲೆನಾಡಿನ ಕಳಲೆ, ಪಕ್ಕದವರ ಮುಂದೆ ಬಯಲುಸೀಮೆಯ ಹುರುಳಿ.

ಇಂಥ ಜಾಗದಲ್ಲಿ ಊರು ಕಟ್ಟಿದ ಹಿರಿಯರು ನೀರಿನ ಲೆಕ್ಕ ಹಾಕಿಯೇ ಕಟ್ಟಿದ್ದರು. ನಮ್ಮ ವಿಳಾಸಗಳನ್ನೇ ಓದಿ ನೋಡಿ. ಕಟ್ಟಿನಕೆರೆ, ಹುಣಸಿನಕೆರೆ, ರಂಗೋಲಿಹಳ್ಳ, ತಣ್ಣೀರುಹಳ್ಳ, ಹೊಸ ಬಸ್ ನಿಲ್ದಾಣದ ಬಳಿಯ ಚನ್ನಪಟ್ಟಣ ಕೆರೆ, ಆಚೆ ಸತ್ಯಮಂಗಲದ ಕೆರೆ. ಕಟ್ಟಿನಕೆರೆ ಅಂದರೆ ನನ್ನ ಮಗಳಿಗೆ ತರಕಾರಿ ಮಾರುಕಟ್ಟೆ, ಅಷ್ಟೇ. ‘ಹೆಸರಲ್ಲೇ ಕೆರೆ ಇದೆಯಲ್ಲ ಪುಟ್ಟಿ’ ಎಂದು ಒಂದು ದಿನ ಬಿಡಿಸಿ ಹೇಳಿದೆ. ಚೀಲ ಹಿಡಿದುಕೊಂಡೇ ನಿಂತು, ಕಾಲ ಕೆಳಗಿನ ನೆಲ ನೋಡಿದಳು.

ಕೆರೆ ಅಂದರೆ ಒಂದೇ ಗುಂಡಿಯಲ್ಲ, ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯಬೇಕು. ನಡುವೆ ಒಂದು ಕೊಂಡಿ ಕಳಚಿದರೂ, ಕಾಲುವೆಗೆ ಯಾರೋ ಒಂದು ಗೋಡೆ ಎತ್ತಿದರೂ ನೀರು ಬರುವುದಂತೂ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ನಮ್ಮ ಬೀದಿಯಲ್ಲಿ ಅದು ಹುಡುಕಿಕೊಂಡ ದಾರಿ ನಮ್ಮ ನಡುಮನೆ.

ನಾನು ಚಿಕ್ಕವಳಿದ್ದಾಗ ರಸ್ತೆಯಿಂದ ಮನೆಗೆ ಎರಡು ಮೆಟ್ಟಿಲು ಹತ್ತುತ್ತಿದ್ದೆವು. ರಸ್ತೆಯ ಮೇಲೆ ರಸ್ತೆ ಬಿತ್ತು. ಹಳೆಯ ಟಾರು ಕೆರೆದು ತೆಗೆಯದೆ ಅದರ ಮೇಲೇ ಜಲ್ಲಿ, ಅದರ ಮೇಲೆ ಕಾಂಕ್ರೀಟು. ಒಂದು ಮೆಟ್ಟಿಲು ಮುಚ್ಚಿತು, ಇನ್ನೊಂದೂ ಮುಚ್ಚಿತು, ಈಗ ರಸ್ತೆಯಿಂದ ಮನೆಗೆ ಇಳಿಯುತ್ತೇವೆ. ಪಕ್ಕದಲ್ಲಿ ಹರಿಯುತ್ತಿದ್ದ ಮಳೆನೀರಿನ ಕಾಲುವೆಗೆ ಚಪ್ಪಡಿ ಹಾಸಿದರು, ಅದರೊಳಗೆ ಏನು ಕಟ್ಟಿಕೊಂಡಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಜೋರು ಮಳೆ ಬಂದ ರಾತ್ರಿ ಅವ್ವ ಅಕ್ಕಿಡಬ್ಬ, ರಾಗಿಮೂಟೆ ಎಲ್ಲವನ್ನೂ ಅಟ್ಟದ ಮೇಲೇರಿಸಿ, ನೀರು ಇಳಿದ ಮೇಲೆ ಗೋಡೆಗೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಸುಣ್ಣ ಹೊಡೆಸುವಾಗಲೂ ಆ ಜಾಗ ಬಿಡಿಸುತ್ತಿದ್ದಳು. ಅವ್ವ ಈಗಿಲ್ಲ. ಅವಳ ನಾಲ್ಕು ಗೆರೆಗಳಿವೆ, ಒಂದಕ್ಕಿಂತ ಒಂದು ಮೇಲೆ. ಅರ್ಜಿ ಹಿಡಿದು ಹೋದಲ್ಲೆಲ್ಲ ‘ಈ ಸಲ ಮಳೆ ಜಾಸ್ತಿ ಆಯ್ತು ಕಣಮ್ಮ’ ಎನ್ನುತ್ತಿದ್ದರು. ಮಳೆ ಜಾಸ್ತಿ ಆಗಿರಲಿಲ್ಲ, ನೀರಿಗೆ ಹೋಗಲು ಜಾಗ ಕಮ್ಮಿ ಆಗಿತ್ತು.

ಈ ವಿಷಯದ ಪುಸ್ತಕಗಳಲ್ಲಿ ಪುನರುಜ್ಜೀವನ ಅಂದರೆ ಮುಚ್ಚಿಹೋದ ಗಿರಣಿ, ಪಾಳುಬಿದ್ದ ಬಂದರುಗಳಿಗೆ ಮತ್ತೆ ಜೀವ ತುಂಬುವ ಮಾತು ಬರುತ್ತದೆ. ನಮ್ಮಲ್ಲಿ ಪಾಳುಬಿದ್ದದ್ದು ನೀರಿನ ದಾರಿ. ನನಗೆ ಹತ್ತಿರವೆನಿಸಿದ ಉದಾಹರಣೆ ದಕ್ಷಿಣ ಕೊರಿಯಾದ ಸೋಲ್ ನಗರದ್ದು. ಅಲ್ಲಿ ಚೊಂಗ್ಯೆಚೊನ್ ಎಂಬ ಹಳ್ಳವನ್ನು ಮುಚ್ಚಿ ಮೇಲೆ ಹೆದ್ದಾರಿ ಕಟ್ಟಿದ್ದರು. ಆ ಮೇಲ್ಸೇತುವೆಯನ್ನೇ ಕೆಡವಿ ಸುಮಾರು 5.8 ಕಿಲೋಮೀಟರ್ ಹಳ್ಳವನ್ನು ತೆರೆದು 2005ರಲ್ಲಿ ಜನರಿಗೆ ಕೊಟ್ಟರು. ಮುಚ್ಚಿದ ಹಳ್ಳ ಮತ್ತೆ ತೆರೆಯಬಹುದು ಅನ್ನುವುದಕ್ಕೆ ಅದು ಸಾಕ್ಷಿ. ಆದರೆ ಆ ಹಳ್ಳಕ್ಕೆ ಇವತ್ತು ಬಹುಪಾಲು ನೀರನ್ನು ಪಂಪು ಮಾಡಿ ಹರಿಸುತ್ತಾರೆ. ಅಲ್ಲಿದ್ದ ಬೀದಿ ವ್ಯಾಪಾರಿಗಳು ಜಾಗ ಬಿಟ್ಟು ಬೇರೆಡೆ ಹೋಗಬೇಕಾಯಿತು. ಅದನ್ನೂ ಓದಿದ ಮೇಲೆ ನನಗೆ ನಮ್ಮ ಸೊಪ್ಪಿನ ಅಜ್ಜಿ ನೆನಪಾದರು.

ಅವರ ಕತೆಗೆ ಮುಂಚೆ ಕುಡಿಯುವ ನೀರಿನ ಮಾತು ಮುಗಿಸುತ್ತೇನೆ. ನಲ್ಲಿ ತಿರುಗಿಸಿದರೆ ನಮಗೆ ಬರುವುದು ಗೊರೂರು ಜಲಾಶಯದ ಹೇಮಾವತಿ. ಆ ಜಲಾಶಯಕ್ಕಾಗಿ ಎಷ್ಟೋ ಹಳ್ಳಿಗಳು ಮನೆ, ಗದ್ದೆ, ಗುಡಿ ಬಿಟ್ಟು ಎದ್ದು ಹೋದವು. ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತಿರುವುದನ್ನು ಫೋಟೋದಲ್ಲಿ ನೀವೂ ನೋಡಿರುತ್ತೀರಿ. ಅಷ್ಟು ಜನ ಬಿಟ್ಟುಕೊಟ್ಟ ನೆಲದಿಂದ ಕರೆಂಟು ಸುಟ್ಟು ನೀರು ತರಿಸಿಕೊಂಡು, ಮನೆ ಮಗ್ಗುಲಿನ ಕೆರೆಗೆ ಕೊಳಚೆ ಬಿಡುವುದನ್ನು ನಾನು ಅಭಿವೃದ್ಧಿ ಅನ್ನಲಾರೆ. ಸುಸ್ಥಿರ ಅನ್ನುವ ಪದಕ್ಕೆ ನಮ್ಮೂರಲ್ಲಿ ಮೊದಲ ಪರೀಕ್ಷೆ ಇದೇ.

ಇನ್ನು ಸೊಪ್ಪಿನ ಅಜ್ಜಿ. ನಸುಕಿನ ಬಸ್ಸಿಗೆ ಹಳ್ಳಿಯಿಂದ ಬರುತ್ತಾರೆ. ಗೋಣಿತಾಟು ಹಾಸಿ ದಂಟು, ಸಬ್ಬಸಿಗೆ, ಹೊನಗೊನೆ ಕಟ್ಟುಗಳನ್ನು ಬೇರು ಒಳಮುಖವಾಗಿ ಜೋಡಿಸಿ, ತಂಬಿಗೆಯಿಂದ ಕೈಯಲ್ಲಿ ನೀರು ಚಿಮುಕಿಸುತ್ತಾರೆ. ಎಲೆಗೆ ಬೀಳಬೇಕು, ಬೇರಿಗೆ ನಿಲ್ಲಬಾರದು, ನಿಂತರೆ ಮಧ್ಯಾಹ್ನಕ್ಕೆ ಕೊಳೆಯುತ್ತದಂತೆ. ಒಂದು ಬೇವಿನ ಮರದ ನೆರಳಲ್ಲಿ ಅವರ ಜಾಗ. ರಸ್ತೆ ಅಗಲ ಮಾಡುವಾಗ ಮರ ಹೋಯಿತು, ಜಾಗವೂ ಹೋಯಿತು. ‘ಅಲ್ಲೆಲ್ಲೋ ಕಟ್ಟೆ ಕಟ್ಟವ್ರಂತೆ, ಹೋಗಿ ಕೂತ್ಕೋ ಅಂದ್ರು. ಅಲ್ಲಿಗೆ ಯಾರು ಬತ್ತಾರವ್ವಾ ಎರಡು ಕಟ್ಟು ಸೊಪ್ಪಿಗೆ?’ ಎಂದು ನನ್ನನ್ನೇ ಕೇಳಿದರು. ಬಸ್ಸಿಳಿದು ಮನೆಗೆ ನಡೆಯುವ ಹೆಂಗಸರ ದಾರಿಯಲ್ಲಿ ಕೂತರಷ್ಟೇ ಅವರ ಸೊಪ್ಪು ಹೋಗುವುದು. ಇದನ್ನು ತಿಳಿಯಲು ಯಾವ ನಕಾಶೆಯೂ ಬೇಡ, ಒಂದು ಬೆಳಿಗ್ಗೆ ಅವರ ಪಕ್ಕ ನಿಂತರೆ ಸಾಕು.

ಕಾನೂನು ಅಜ್ಜಿಯ ಪರವಾಗಿಯೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಪ್ರಕಾರ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಜಾಗ ಬದಲಿಸಬೇಕಾದರೆ 30 ದಿನ ಮುಂಚೆ ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಮ್ಮಿಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. 50 ವರ್ಷ ದಾಟಿದ, ತಾವಾಗಿಯೇ ಬೆಳೆದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕೆಂಬ ಮಾತೂ ಅದರಲ್ಲಿದೆ. ಅಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. ‘ಇದನ್ನ ಬರೆದೋರು ಸೊಪ್ಪು ಮಾರಿದೋರೇ ಇರಬೇಕು’ ಅಂದರು. ಅಷ್ಟು ಚೆನ್ನಾದ ಕಾಯಿದೆ ಅವರ ಗೋಣಿತಾಟಿನ ತನಕ ಬರಲಿಲ್ಲ ಅನ್ನುವುದೇ ನನ್ನ ಸಂಕಟ.

ನಮ್ಮೂರಿಗೆ ಕೈಲಾಗದು ಎಂದು ಮಾತ್ರ ಯಾರೂ ಹೇಳಬೇಡಿ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆದು ಬಲಿಪಾಡ್ಯಮಿಯ ಹೊತ್ತಿಗೆ ಮುಚ್ಚುತ್ತದೆ. ಆ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಹಳೇಪೇಟೆಯ ಗಲ್ಲಿಗಳಿಗೆ ಬರುತ್ತಾರೆ. ಆಗ ವಾಹನಗಳು ಊರ ಹೊರಗೆ ನಿಲ್ಲುತ್ತವೆ. ನಡೆಯುವವರಿಗೆ ದಾರಿ, ನೆರಳಿಗೆ ಪೆಂಡಾಲು, ಕುಡಿಯುವ ನೀರು, ಶೌಚಾಲಯ ಎಲ್ಲ ಸಿದ್ಧವಾಗುತ್ತವೆ. ಪೌರಕಾರ್ಮಿಕರು ರಾತ್ರಿಯೆಲ್ಲ ಗುಡಿಸುತ್ತಾರೆ. ಬೆಳಗಿನ ಜಾವ ಆ ರಸ್ತೆಯಲ್ಲಿ ನಡೆದವರಿಗೆ ಗೊತ್ತು, ನಮ್ಮೂರು ಎಷ್ಟು ಚೆನ್ನಾಗಿರಬಲ್ಲದು ಅಂತ. ಪಾಡ್ಯ ಮುಗಿದ ಮಾರನೆಯ ದಿನ ಪೆಂಡಾಲು ಬಿಚ್ಚುವಾಗ ನನಗೆ ಪ್ರತಿ ವರ್ಷ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೆರಳು, ನೀರು, ಶೌಚಾಲಯ, ನಡೆಯಲು ದಾರಿ, ಈ ನಾಲ್ಕು ಊರವರಿಗೂ ವರ್ಷಪೂರ್ತಿ ಬೇಕಲ್ಲ.

2015ರಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಬಂದು ದೇಶದ 100 ನಗರಗಳನ್ನು ಆರಿಸಿದಾಗ ಹಾಸನವೂ ಇರಲಿಲ್ಲ, ಪಕ್ಕದ ಚಿಕ್ಕಮಗಳೂರೂ ಇರಲಿಲ್ಲ. ಇಬ್ಬರಿಗೂ ಸಿಕ್ಕಿದ್ದು ಅದೇ ವರ್ಷದ ಅಮೃತ್ ಯೋಜನೆ, ಅಂದರೆ ನೀರು, ಒಳಚರಂಡಿ, ಉದ್ಯಾನದ ಕೆಲಸ. ಅದಕ್ಕೆ ನನಗೇನೂ ಬೇಸರವಿಲ್ಲ. ಬಣ್ಣದ ದೀಪಕ್ಕಿಂತ ನೆಲದೊಳಗಿನ ಕೊಳವೆ ಮುಖ್ಯ.

ಈಗ ನಗರಸಭೆ ಹೋಗಿ ಮಹಾನಗರ ಪಾಲಿಕೆ ಆಗಿದೆ, ಸುತ್ತಲ ಹಳ್ಳಿಗಳು ಒಳಗೆ ಬಂದಿವೆ. ಹಳ್ಳಿಗಳ ಜೊತೆ ಅವುಗಳ ಕೆರೆ, ತೋಡು, ಗೋಮಾಳ ಎಲ್ಲವೂ ಬಂದವು. ನಗರಾಡಳಿತಗಳಿಗೆ ವಹಿಸಬಹುದೆಂದು ಸಂವಿಧಾನದ 12ನೇ ಅನುಸೂಚಿ ಪಟ್ಟಿ ಮಾಡಿದ 18 ಕೆಲಸಗಳಲ್ಲಿ ನಗರ ಯೋಜನೆಯೇ ಮೊದಲನೆಯದು. ಹಾಗಾಗಿ ನಾನು ಕೇಳುವುದು ಇಷ್ಟು: ಹೊಸ ಬಡಾವಣೆಗೆ ಗೆರೆ ಎಳೆಯುವ ಮುಂಚೆ ಕೋಡಿಯಿಂದ ಕೆಳಗಿನ ಕೆರೆಯ ತನಕ ಕಾಲುವೆಯನ್ನು ಅಳೆದು ಕಲ್ಲು ನೆಡಿ. ರಸ್ತೆ ಮಾಡುವಾಗ ಹಳೆಯದನ್ನು ಕೆರೆದು, ಮನೆಗಳ ಹೊಸಿಲು ನೋಡಿಕೊಂಡು ಹಾಕಿ. ಅಜ್ಜಿಯಂಥವರನ್ನು ಎಬ್ಬಿಸುವ ಮೊದಲು ಅವರ ಗಿರಾಕಿ ಯಾವ ದಾರಿಯಲ್ಲಿ ನಡೆಯುತ್ತಾರೆ ಎಂದು ನೋಡಿ.

ಮುಂದಿನ ಸಲ ಬಸ್ಸಿನಲ್ಲೇ ಕೂರಬೇಡಿ, ಇಳಿಯಿರಿ. ಆಷಾಢದಲ್ಲಿ ಬಂದರೆ ಒಳ್ಳೆಯದು, ಎರಡು ಕಡೆಯ ಮಳೆಯೂ ಒಂದೇ ದಿನ ಸಿಕ್ಕೀತು. ಅವ್ವನ ಗೆರೆಗಳನ್ನು ತೋರಿಸುತ್ತೇನೆ, ಆಮೇಲೆ ಹುಣಸಿನಕೆರೆ ಏರಿಯ ಮೇಲೆ ನಡೆಯೋಣ. ಸೊಪ್ಪಿನ ಅಜ್ಜಿ ಈಗ ಒಂದು ಔಷಧಿ ಅಂಗಡಿಯ ಮೆಟ್ಟಿಲ ಪಕ್ಕ ಕೂರುತ್ತಾರೆ. ಅಂಗಡಿಯವರು ಹತ್ತು ಗಂಟೆಗೆ ಬಾಗಿಲು ತೆಗೆಯುವ ಮೊದಲೇ ಎದ್ದುಬಿಡಬೇಕು ಅವರು. ಒಂಬತ್ತಕ್ಕೆಲ್ಲ ಅಲ್ಲಿರೋಣ.