ಕೈತೋಟದ ಪ್ರಶ್ನೋತ್ತರ: ಹಸುರಾಗಿಯೇ ಬಾಡುವ ಮೆಣಸಿನ ಗಿಡ

ಪ್ರಶ್ನೆ: ತಾರಸಿಯಲ್ಲಿ ಗ್ರೋ ಬ್ಯಾಗ್‌ಗಳನ್ನಿಟ್ಟು ಮೆಣಸು, ಬದನೆ, ಟೊಮೆಟೊ ಬೆಳೆಸುತ್ತಿದ್ದೇವೆ. ನಿನ್ನೆ ಚೆನ್ನಾಗಿದ್ದ ಗಿಡ ಇಂದು ಎಲೆ ಹಳದಿಯಾಗದೆ ಹಸುರಾಗಿಯೇ ಜೋತುಬೀಳುತ್ತದೆ. ನೀರೆರೆದರೂ ಚೇತರಿಸುವುದಿಲ್ಲ. ಅದೇ ಮಣ್ಣಿಗೆ ಹೊಸ ಸಸಿ ನೆಟ್ಟರೆ ಅದಕ್ಕೂ ಅದೇ ಗತಿ. ಪರಿಹಾರವೇನು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನೀವು ವಿವರಿಸಿದ ಲಕ್ಷಣ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ್ದು. ನೀರಿನ ಕೊರತೆಯಿಂದ ಬಾಡಿದ ಗಿಡ ಸಂಜೆಯ ತಂಪಿಗೆ ತಲೆ ಎತ್ತುತ್ತದೆ. ಬೇರು ಕೊಳೆತ ಗಿಡದಲ್ಲಿ ಸಾಮಾನ್ಯವಾಗಿ ಮೊದಲು ಎಲೆ ಹಳದಿಯಾಗುತ್ತದೆ. ನಿಮ್ಮ ಗಿಡದಲ್ಲಿ ಇವೆರಡೂ ಆಗಿಲ್ಲ. ಸಂಶಯ ಉಳಿದರೆ ಬಾಡಿದ ಗಿಡದ ಬುಡದಿಂದ ಎರಡು ಅಂಗುಲದಷ್ಟು ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಅದರ ತುದಿಯನ್ನು ತಾಗಿಸಿ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿದರೆ ರೋಗ ಅದೇ ಎಂದು ತಿಳಿಯಬಹುದು. ರಾಲ್‌ಸ್ಟೋನಿಯಾ ಎಂಬ ದುಂಡಾಣು ಬೇರಿನ ಗಾಯಗಳ ಮೂಲಕ ಒಳಹೊಕ್ಕು ನೀರು ಸಾಗುವ ನಾಳಗಳನ್ನೇ ಕಟ್ಟಿಬಿಡುವುದರಿಂದ, ನೀವು ಎಷ್ಟು ನೀರೆರೆದರೂ ಅದು ಎಲೆಗಳಿಗೆ ತಲುಪುವುದಿಲ್ಲ.

ಬಾಡಿದ ಗಿಡವನ್ನು ಬದುಕಿಸುವ ಔಷಧಿ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ಹಂತದಲ್ಲಿ ಸಿಂಪಡಣೆಗಳಿಗೆ ಹಣ ಸುರಿದು ನಿರಾಶರಾದವರು ನಮ್ಮ ಸುತ್ತಮುತ್ತ ಬಹಳ ಮಂದಿ ಇದ್ದಾರೆ. ಗಿಡವನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಎಸೆಯಬೇಡಿ. ಆ ಚೀಲದಿಂದ ಹರಿದ ನೀರು ಪಕ್ಕದ ಚೀಲಕ್ಕೆ ತಾಗದಿರಲಿ, ಬಳಸಿದ ಕತ್ತಿಯನ್ನು ತೊಳೆದ ಮೇಲಷ್ಟೇ ಇನ್ನೊಂದು ಗಿಡಕ್ಕೆ ತಾಗಿಸಿ.

ಇನ್ನು ಮಣ್ಣಿನ ವಿಷಯ. ನಿಜವಾದ ಕೆಲಸ ಇರುವುದು ಇಲ್ಲಿಯೇ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ಮಳೆ ನಮ್ಮ ಮುರಕಲ್ಲು ಮಣ್ಣಿನಲ್ಲಿರುವ ಸುಣ್ಣದ ಅಂಶವನ್ನು ತೊಳೆದೊಯ್ದು ಮಣ್ಣನ್ನು ಹುಳಿಯಾಗಿಸುತ್ತದೆ, ಹುಳಿಮಣ್ಣಿನ ತೇವದಲ್ಲಿ ಈ ರೋಗ ಬಲಿಯುತ್ತದೆ. ಆದುದರಿಂದ ನೆಡುವುದಕ್ಕೆ ಎರಡು ವಾರ ಮೊದಲು ಸುಣ್ಣ ಸೇರಿಸುವುದನ್ನು ತಪ್ಪಿಸಲೇಬೇಡಿ. ನೀರು ಹಾಕಿ ಅರಳಿಸಿದ ಚಿಪ್ಪಿನ ಸುಣ್ಣ ನೆಲದಲ್ಲಾದರೆ ಒಂದು ಸೆಂಟ್ಸ್ ಜಾಗಕ್ಕೆ 2ರಿಂದ 3 ಕಿಲೋ, ಹತ್ತು ಕಿಲೋ ಮಣ್ಣು ಹಿಡಿಯುವ ಚೀಲಕ್ಕೆ ಸುಮಾರು 50 ಗ್ರಾಂ ಸಾಕು. ಸುಣ್ಣದ ಜೊತೆಗೇ ಗೊಬ್ಬರ ಬೆರೆಸಿದರೆ ಅದರ ಸಾರಜನಕ ಗಾಳಿಗೆ ಹೋಗುತ್ತದೆ. ಅದನ್ನು ಎರಡು ವಾರಗಳ ಬಳಿಕ ಹಾಕಿ. ನಮ್ಮ ಹಿರಿಯರು ತರಗೆಲೆ ಮತ್ತು ಮಣ್ಣನ್ನು ಪದರ ಪದರವಾಗಿ ಒಟ್ಟಿ ನಿಧಾನವಾಗಿ ಬೇಯಿಸಿ ಸುಡುಮಣ್ಣು ಮಾಡುತ್ತಿದ್ದುದರ ಹಿಂದೆಯೂ ಇದೇ ವಿವೇಕವಿತ್ತು: ಬಿಸಿಗೆ ರೋಗಾಣುಗಳು ಸಾಯುತ್ತವೆ, ಬೂದಿಯು ಹುಳಿಯನ್ನು ತಗ್ಗಿಸುತ್ತದೆ. ಈ ಪದ್ಧತಿ ಮರೆಯಾಗುತ್ತಿರುವುದು ನನಗೆ ಬೇಸರದ ಸಂಗತಿ.

ಮೆಣಸು, ಬದನೆ, ಟೊಮೆಟೊ ಮೂರೂ ಒಂದೇ ಕುಟುಂಬದವು, ಮೂರಕ್ಕೂ ರೋಗ ಒಂದೇ. ರೋಗ ಬಂದ ಮಣ್ಣಿನಲ್ಲಿ ಎರಡು ಮೂರು ಹಂಗಾಮು ಅಲಸಂಡೆ, ಬೆಂಡೆ ಅಥವಾ ಹರಿವೆ ಬೆಳೆಸಿ. ಶುಂಠಿ ಬೇಡ, ಅದಕ್ಕೂ ಈ ದುಂಡಾಣು ತಗಲುತ್ತದೆ. ಮತ್ತೆ ಮೆಣಸು ನೆಡುವಾಗ ಕೇರಳ ಕೃಷಿ ವಿಶ್ವವಿದ್ಯಾಲಯವು ಸೊರಗು ರೋಗ ತಡೆಯುವಂತೆ ರೂಪಿಸಿದ ಉಜ್ವಲ ಅಥವಾ ಅನುಗ್ರಹ, ಬದನೆಯಲ್ಲಿ ಸೂರ್ಯ, ಟೊಮೆಟೊದಲ್ಲಿ ಶಕ್ತಿ ಅಥವಾ ಮುಕ್ತಿ ತಳಿಗಳ ಬೀಜಕ್ಕಾಗಿ ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ. ಸಸಿಯ ಬೇರನ್ನು ಒಂದು ಲೀಟರ್ ನೀರಿಗೆ 20 ಗ್ರಾಂ ಸ್ಯೂಡೋಮೊನಾಸ್ ಎಂಬ ಉಪಕಾರಿ ದುಂಡಾಣುವಿನ ಪುಡಿ ಕಲಸಿದ ದ್ರಾವಣದಲ್ಲಿ ಅದ್ದಿ ನೆಟ್ಟರೆ ಇನ್ನಷ್ಟು ರಕ್ಷಣೆ ದೊರೆಯುತ್ತದೆ.

ಪ್ರಶ್ನೆ: ಅಂಗಳದ ಮಲ್ಲಿಗೆ ಗಿಡ ಸೊಂಪಾಗಿ ಬೆಳೆದಿದೆ, ಆದರೆ ಹೂ ಬಹಳ ಕಡಿಮೆ. ಬಿಟ್ಟ ಮೊಗ್ಗುಗಳಲ್ಲಿಯೂ ಕೆಲವು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತವೆ.
– ಗೃಹಿಣಿ, ಮಂಜೇಶ್ವರ

ಉತ್ತರ: ಗಿಡ ತೆಂಗಿನ ನೆರಳಿನಲ್ಲಿದೆಯೇ ಎಂಬುದನ್ನು ನೀವು ಬರೆದಿಲ್ಲ, ನಮ್ಮ ಅಂಗಳಗಳಲ್ಲಿ ಹೆಚ್ಚಾಗಿ ಅದೇ ಕಾರಣವಾಗಿರುತ್ತದೆ. ಮಲ್ಲಿಗೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಹೂ ಬರುವುದು ಹೊಸ ಚಿಗುರಿನಲ್ಲಿ. ಆದುದರಿಂದ ಮಳೆ ಪೂರ್ತಿ ನಿಂತ ಮೇಲೆ, ನವೆಂಬರ್ ಕೊನೆಯ ಹೊತ್ತಿಗೆ, ಕೆಲವು ದಿನ ನೀರು ಕೊಡುವುದನ್ನು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಗಿಡವನ್ನು ಸವರಬೇಕು. ಒಣಗಿದ ಮತ್ತು ಒಳಮುಖವಾಗಿ ಬೆಳೆದ ರೆಂಬೆಗಳನ್ನು ತೆಗೆದುಹಾಕಿ. ಸೊಂಪಾದ ಗಿಡವನ್ನು ಹೀಗೆ ಕಡಿಯಲು ಮನಸ್ಸು ಬಾರದು, ಆದರೆ ಕಡಿಯದ ಗಿಡ ಎಲೆಯಲ್ಲೇ ತೃಪ್ತಿ ಕಾಣುತ್ತದೆ. ಹಿಂಡಿ ನೀರನ್ನು ಪದೇ ಪದೇ ಎರೆಯುವುದೂ ಎಲೆಯನ್ನೇ ಹೆಚ್ಚಿಸುತ್ತದೆ. ಅದನ್ನು ಕಡಿಮೆ ಮಾಡಿ ಬೂದಿ ಮತ್ತು ಎಲುಬಿನ ಪುಡಿ ಕೊಡಿ. ಮೊಗ್ಗು ನೇರಳೆಯಾಗುವುದು ಒಳಗೆ ಕೊರೆಯುವ ಹುಳದಿಂದ. ಅಂಥ ಮೊಗ್ಗುಗಳನ್ನು ಉದುರುವ ಮೊದಲೇ ಕೊಯ್ದು ಸುಟ್ಟುಹಾಕಿ.

ಪ್ರಶ್ನೆ: ಹಸಿ ತೆಂಗಿನ ನಾರಿನ ಪುಡಿಯನ್ನು ನೇರವಾಗಿ ಕುಂಡಕ್ಕೆ ತುಂಬಬಹುದೇ?
– ಓದುಗರೊಬ್ಬರು, ಪೆರ್ಲ

ಉತ್ತರ: ಬೇಡ. ಅದರಲ್ಲಿರುವ ಒಗರು ಮತ್ತು ಉಪ್ಪಿನಂಶ ಎಳೆಯ ಬೇರಿಗೆ ಹಾನಿ ಮಾಡುತ್ತವೆ. ಕಂದು ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಬಾರಿ ನೆನೆಸಿ ಹಿಂಡಿ, ಬಳಿಕ ಮಣ್ಣು ಮತ್ತು ಸೆಗಣಿ ಗೊಬ್ಬರದೊಂದಿಗೆ ಸಮಪಾಲಿನಲ್ಲಿ ಬೆರೆಸಿ. ಒಣಗಿದ ಮಡಲುಗಳನ್ನೂ ಸುಡಬೇಕಾಗಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯು ತೆಂಗಿನ ಗರಿಯನ್ನೇ ತಿಂದು ಗೊಬ್ಬರ ಮಾಡುವ ಎರೆಹುಳದ ತಳಿಯನ್ನು ಬಳಕೆಗೆ ತಂದಿದೆ.